ಎಪ್ಪತ್ತರ ಗೆರೆ: ಹಿರಿಯರ ಆಸ್ಪತ್ರೆ ಖರ್ಚು ಮತ್ತು ಸರ್ಕಾರದ ವಿಮೆ

ಹರಿಹರ ತಾಲ್ಲೂಕಿನ ಭಾನುವಳ್ಳಿಯಂಥ ಊರಿನಲ್ಲಿ ಹಿರಿಯರೊಬ್ಬರ ವಯಸ್ಸು ಕೇಳಿದರೆ ಉತ್ತರವಾಗಿ ಸಂಖ್ಯೆ ಬರುವುದಿಲ್ಲ, ನೆನಪು ಬರುತ್ತದೆ. "ಭದ್ರಾ ನಾಲೆ ಅಗೆಯಾಗ ನಾನು ದನ ಕಾಯ್ತಿದ್ದೆ" ಎನ್ನುತ್ತಾರೆ ಒಬ್ಬರು. "ನಮ್ಮಕ್ಕನ ಮದುವ್ಯಾಗ ನಾನಿನ್ನೂ ಸಣ್ಣಾಕಿ" ಎನ್ನುತ್ತಾರೆ ಇನ್ನೊಬ್ಬರು. ಶಾಲೆಯ ಮೆಟ್ಟಿಲು ಹತ್ತದವರಿಗೆ ಜನನ ದಾಖಲೆ ಎಲ್ಲಿಂದ ಬರಬೇಕು? ಆಧಾರ್ ಮಾಡಿಸುವ ದಿನ ಕಂಪ್ಯೂಟರ್ ಮುಂದೆ ಕುಳಿತ ಹುಡುಗ ಮುಖ ನೋಡಿ ಒಂದು ವರ್ಷ ಅಂದಾಜು ಮಾಡಿದ, ತಾರೀಕಿನ ಜಾಗದಲ್ಲಿ ಜನವರಿ 1 ಬಿತ್ತು. ಎಷ್ಟೋ ಮನೆಗಳಲ್ಲಿ ಅಜ್ಜ, ಅಜ್ಜಿ, ಅಜ್ಜನ ತಮ್ಮ ಎಲ್ಲರೂ ಒಂದೇ ತಾರೀಕಿಗೆ ಹುಟ್ಟಿದ್ದಾರೆ.

ಈ ಅಂದಾಜಿನಿಂದ ಬಹಳ ಕಾಲ ಯಾರಿಗೂ ದೊಡ್ಡ ನಷ್ಟವಾಗಿರಲಿಲ್ಲ. ಆದರೆ 2024ರ ಅಕ್ಟೋಬರ್ 29ರಂದು, ಧನ್ವಂತರಿ ಜಯಂತಿಯ ದಿನ, ಕೇಂದ್ರ ಸರ್ಕಾರ ತನ್ನ ಆರೋಗ್ಯ ವಿಮೆಯಾದ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ತುಂಬಿದ ಎಲ್ಲರಿಗೂ ವಿಸ್ತರಿಸಿತು. ಬಡವರೇ, ಉಳ್ಳವರೇ ಎಂದು ಕೇಳುವುದಿಲ್ಲ. ಜಮೀನು ಎಷ್ಟಿದೆ, ಮಗನಿಗೆ ಏನು ಸಂಬಳ ಎಂದೂ ಕೇಳುವುದಿಲ್ಲ. ಆಧಾರ್‌ನಲ್ಲಿ ವಯಸ್ಸು 70 ಆಗಿದ್ದರೆ ಸಾಕು, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ ಅರ್ಹರು. ಹೀಗೆ ಆ ಹುಡುಗ ಹಾಕಿದ ಅಂದಾಜಿನ ವರ್ಷಕ್ಕೆ ಇದ್ದಕ್ಕಿದ್ದಂತೆ ಬೆಲೆ ಬಂತು. ನಿಜವಾಗಿ 73 ಆದ ಅಜ್ಜಿ ಆಧಾರ್‌ನಲ್ಲಿ 67 ಆಗಿದ್ದರೆ ಇನ್ನೂ ಮೂರು ವರ್ಷ ಕಾಯಬೇಕು. ಆಧಾರ್‌ನಲ್ಲಿ ಹುಟ್ಟಿದ ದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಸಲ ಅವಕಾಶ, ಅದಕ್ಕೂ ದಾಖಲೆ ಬೇಕು. ದಾಖಲೆ ಇದ್ದಿದ್ದರೆ ತಪ್ಪು ಆಗುತ್ತಲೇ ಇರಲಿಲ್ಲ.

ಸರ್ಕಾರದ ಪ್ರತಿ ಯೋಜನೆಯೂ ಒಳಗಿರುವವರು ಯಾರು, ಹೊರಗಿರುವವರು ಯಾರು ಎಂದು ಒಂದು ಗೆರೆ ಎಳೆಯುತ್ತದೆ. ಹಿರಿಯರ ವಿಮೆಯ ಕಥೆಯನ್ನು ಆ ಗೆರೆಗಳ ಕಥೆಯಾಗಿಯೇ ಓದಬಹುದು. ದಾವಣಗೆರೆ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಿಂತು ನೋಡಿದರೆ ಅವು ಸ್ಪಷ್ಟವಾಗಿ ಕಾಣುತ್ತವೆ.

ಐದು ಲಕ್ಷ ಯಾರಿಗೆ, ಹೇಗೆ

70 ದಾಟಿದವರಿಗೆ ಕೊಡುವ ಈ ವಿಮೆಯ ಕಾರ್ಡಿನ ಹೆಸರು ಆಯುಷ್ಮಾನ್ ವಯ ವಂದನ. ಲೆಕ್ಕ ಸ್ವಲ್ಪ ಗೋಜಲು, ಒಂದು ಮನೆಯನ್ನು ಮುಂದಿಟ್ಟುಕೊಂಡರೆ ಬಿಡಿಸಿಕೊಳ್ಳುತ್ತದೆ. ಅಜ್ಜನಿಗೆ 75, ಅಜ್ಜಿಗೆ 71, ಜೊತೆಗೆ ಮಗ, ಸೊಸೆ, ಮೊಮ್ಮಕ್ಕಳು ಇದ್ದಾರೆ ಎನ್ನೋಣ. ಈ ಕುಟುಂಬ ಮೊದಲೇ ಆಯುಷ್ಮಾನ್ ಯೋಜನೆಯಲ್ಲಿದ್ದರೆ ಇಡೀ ಮನೆಗೆ ಇರುವ 5 ಲಕ್ಷ ಹಾಗೇ ಉಳಿಯುತ್ತದೆ. ಅದರ ಮೇಲೆ ಅಜ್ಜ ಅಜ್ಜಿಗೆಂದೇ ಇನ್ನೊಂದು 5 ಲಕ್ಷ ಸೇರುತ್ತದೆ, ಅದನ್ನು ಮಗ ಸೊಸೆ ಮುಟ್ಟುವಂತಿಲ್ಲ. ಕುಟುಂಬ ಯೋಜನೆಯ ಹೊರಗಿದ್ದರೆ ಮಗ ಸೊಸೆಗೆ ಏನೂ ಇಲ್ಲ, ಅಜ್ಜ ಅಜ್ಜಿ ಇಬ್ಬರಿಗೂ ಸೇರಿ ವರ್ಷಕ್ಕೆ 5 ಲಕ್ಷ. ತಲೆಗೆ ಐದೈದು ಲಕ್ಷ ಎಂದು ಹಲವರು ತಿಳಿದಿದ್ದಾರೆ, ಹಾಗಲ್ಲ.

ಖಾಸಗಿ ವಿಮೆ ಇರುವವರೂ, ಕಾರ್ಮಿಕರ ಇಎಸ್‌ಐ ಇರುವವರೂ ಇದನ್ನು ಪಡೆಯಬಹುದು. ಕೇಂದ್ರ ಸರ್ಕಾರದ ನೌಕರರ ಸಿಜಿಎಚ್‌ಎಸ್, ಮಾಜಿ ಸೈನಿಕರ ಇಸಿಎಚ್‌ಎಸ್ ಇರುವವರು ಅದು ಬೇಕೋ ಇದು ಬೇಕೋ ಎಂದು ಒಂದನ್ನು ಆರಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ ಮೊದಲೇ ಇದ್ದರೂ ಮೊದಲ ದಿನದಿಂದಲೇ ಚಿಕಿತ್ಸೆಗೆ ಅಡ್ಡಿಯಿಲ್ಲ. ಖಾಸಗಿ ವಿಮೆಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿಯೇ. ಖಾಸಗಿ ಕಂಪನಿ ನಡೆಯುವುದು ಹತ್ತು ಜನ ಕಟ್ಟಿ ಒಬ್ಬರಿಗೆ ಖರ್ಚಾಗುವ ಲೆಕ್ಕದ ಮೇಲೆ. ಎಪ್ಪತ್ತು ದಾಟಿದವರು ಆಸ್ಪತ್ರೆ ಕಾಣುವುದು ಉಳಿದವರಿಗಿಂತ ಹೆಚ್ಚು. ಹಾಗಾಗಿ ಬಹಳ ಕಂಪನಿಗಳು 65ರ ನಂತರ ಹೊಸ ಪಾಲಿಸಿಯನ್ನೇ ಕೊಡುತ್ತಿರಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2024ರಲ್ಲಿ ಆ ವಯೋಮಿತಿಯನ್ನು ತೆಗೆಯಿತು. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ 18ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಹೋಯಿತು. ಇಷ್ಟಾದರೂ ಭತ್ತದ ದುಡ್ಡಿನಲ್ಲಿ ವರ್ಷ ಕಳೆಯುವ ಮನೆಗೆ ಎಪ್ಪತ್ತರ ವಯಸ್ಸಿನವರ ಕಂತು ಕಟ್ಟುವುದು ಆಗದ ಮಾತು.

ಕೇಂದ್ರ ಸಂಪುಟ 2024ರ ಸೆಪ್ಟೆಂಬರ್ 11ರಂದು ಈ ವಿಸ್ತರಣೆಗೆ ಒಪ್ಪಿದಾಗ ಹೇಳಿದ ಮೊತ್ತ 3,437 ಕೋಟಿ ರೂಪಾಯಿ. ಫಲಾನುಭವಿಗಳು 4.5 ಕೋಟಿ ಕುಟುಂಬಗಳ ಸುಮಾರು 6 ಕೋಟಿ ಹಿರಿಯರು. ಭಾಗಿಸಿ ನೋಡಿದರೆ ಒಂದು ಕುಟುಂಬಕ್ಕೆ 760 ರೂಪಾಯಿ ಚಿಲ್ಲರೆ. ಉಳಿದದ್ದನ್ನು ರಾಜ್ಯ ಹೊರಬೇಕು. ಕಾಗದದ ಮೇಲೆ ಕೇಂದ್ರದ್ದು 60, ರಾಜ್ಯದ್ದು 40 ಪಾಲು. ಆದರೆ ಕರ್ನಾಟಕದ ಹಳೆಯ ತಕರಾರು ಬೇರೆ. ಕೇಂದ್ರ ತನ್ನ ಪಾಲನ್ನು ಲೆಕ್ಕ ಹಾಕಿದ್ದು ರಾಜ್ಯದ ಸುಮಾರು 62 ಲಕ್ಷ ಕುಟುಂಬಗಳಿಗೆ, ರಾಜ್ಯ ಸೇರಿಸಿಕೊಂಡಿರುವುದು ಅದಕ್ಕಿಂತ ಎಷ್ಟೋ ಹೆಚ್ಚು ಕುಟುಂಬಗಳನ್ನು. ಹಾಗಾಗಿ ನಿಜವಾದ ಖರ್ಚಿನಲ್ಲಿ ದೊಡ್ಡ ಪಾಲು ತಮ್ಮದೇ ಎಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಹೇಳುತ್ತ ಬಂದಿದ್ದಾರೆ.

ಈ ಜಗ್ಗಾಟದ ಬಿಸಿ ತಟ್ಟಿದ್ದು ಹಿರಿಯರಿಗೆ. ಕಾರ್ಡು ಮೊಬೈಲಿನಲ್ಲೇ ಸಿಗುವಂತಾಯಿತು, ಆಸ್ಪತ್ರೆಗೆ ಹೋದರೆ "ರಾಜ್ಯದ ಆದೇಶ ಬಂದಿಲ್ಲ" ಎಂಬ ಉತ್ತರ. 2024ರ ಕೊನೆಯಲ್ಲಿ ಕರ್ನಾಟಕದ ಎಷ್ಟೋ ಜನ ಕಾರ್ಡು ಕೈಯಲ್ಲಿ ಹಿಡಿದುಕೊಂಡೇ ವಾಪಸ್ ಬಂದರು. ಹಣದ ಪಾಲಿನ ಬಗ್ಗೆ ರಾಜ್ಯ ಎತ್ತಿದ ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಪ್ಪತ್ತೆರಡರ ರೋಗಿಯ ಎದುರು ಆ ವಾದ ಹೂಡುವುದು ನ್ಯಾಯವಲ್ಲ. ಎರಡು ಸರ್ಕಾರಗಳ ಕಡತ ಒಂದಾಗುವವರೆಗೆ ಗೆಡ್ಡೆ ಬೆಳೆಯದೆ ಕಾಯುವುದಿಲ್ಲ. ಹಾಗಾಗಿ ವಯ ವಂದನ ಕಾರ್ಡ್ ಇದ್ದರೂ ದಾಖಲಾಗುವ ಮೊದಲು ಆ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಅಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯ ಮಿತ್ರರನ್ನೋ, 14555 ಅಥವಾ 104 ಸಹಾಯವಾಣಿಯನ್ನೋ ಕೇಳಿ ಖಚಿತ ಮಾಡಿಕೊಳ್ಳಬೇಕು. ಮನೆಯಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಅದನ್ನೂ ಜೊತೆಗೆ ಒಯ್ಯಬೇಕು.

ನದಿಯೇ ಗೆರೆಯಾಗಿದ್ದ ದಿನಗಳು

ಕರ್ನಾಟಕಕ್ಕೆ ಆರೋಗ್ಯ ವಿಮೆ ಹೊಸತಲ್ಲ. 2003ರ ಜೂನ್‌ನಲ್ಲಿ ಯಶಸ್ವಿನಿ ಜಾರಿಗೆ ಬಂತು. ಸಹಕಾರ ಸಂಘದ ಸದಸ್ಯರು ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆ ಉಚಿತ. ಹೃದಯ ಶಸ್ತ್ರಚಿಕಿತ್ಸಕ ಡಾ. ದೇವಿ ಶೆಟ್ಟಿಯವರೂ ರಾಜ್ಯದ ಸಹಕಾರ ಇಲಾಖೆಯೂ ಸೇರಿ ರೂಪಿಸಿದ ಈ ಯೋಜನೆಗೆ ಮೊದಲ ವರ್ಷವೇ ಹದಿನೈದು ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಹಾಲಿನ ಡೇರಿಯ ಪಟ್ಟಿಯಲ್ಲಿ ಹೆಸರಿದ್ದವರು ದೊಡ್ಡ ಆಸ್ಪತ್ರೆಯ ಬಾಗಿಲೊಳಗೆ ಧೈರ್ಯವಾಗಿ ಕಾಲಿಟ್ಟದ್ದು ಆಗಲೇ.

2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಬಂತು. ಇದು ಬಿಪಿಎಲ್ ಕುಟುಂಬಗಳಿಗೆ. ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗಳಿಗೆ ರೋಗಿ ಒಂದು ಪೈಸೆ ಕೊಡಬೇಕಾಗಿರಲಿಲ್ಲ. ರಾಜ್ಯ ಸರ್ಕಾರದ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ನೇರವಾಗಿ ಆಸ್ಪತ್ರೆಗೆ ಹಣ ಕೊಡುತ್ತಿತ್ತು. ಆದರೆ ಇಡೀ ರಾಜ್ಯದಲ್ಲಿ ಒಮ್ಮೆಲೇ ಶುರುವಾಗಲಿಲ್ಲ. ಮೊದಲು ಕಲಬುರಗಿ ವಿಭಾಗ, ನಂತರ ಬೆಳಗಾವಿ ವಿಭಾಗ, ಆಮೇಲೆ ದಕ್ಷಿಣದ ಬೆಂಗಳೂರು ಮತ್ತು ಮೈಸೂರು ವಿಭಾಗಗಳು.

ಹರಿಹರದಲ್ಲಿ ತುಂಗಭದ್ರಾ ಸೇತುವೆಯ ಮೇಲೆ ನಿಂತರೆ ಇದರ ಅರ್ಥ ಗೊತ್ತಾಗುತ್ತದೆ. ಈಚೆ ದಡ ದಾವಣಗೆರೆ ಜಿಲ್ಲೆ, ಅದು ಬೆಂಗಳೂರು ವಿಭಾಗಕ್ಕೆ ಸೇರಿದ್ದು. ಆಚೆ ದಡದ ಕುಮಾರಪಟ್ಟಣ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕು, ಬೆಳಗಾವಿ ವಿಭಾಗ. ಒಂದೇ ಸಂತೆಗೆ ಬರುವ, ಒಂದೇ ಕಾರ್ಖಾನೆಯಲ್ಲಿ ದುಡಿಯುವ, ಹೆಣ್ಣು ಕೊಟ್ಟು ತರುವ ಜನ. ಆಚೆ ದಡದ ಬಿಪಿಎಲ್ ಅಜ್ಜನಿಗೆ ಹೃದಯದ ಆಪರೇಷನ್ ಉಚಿತವಾಗಿದ್ದ ದಿನಗಳಲ್ಲಿ ಈಚೆ ದಡದ ಅಂಥದೇ ಅಜ್ಜ ಹೊಲ ಮಾರಬೇಕಿತ್ತು, ಇಲ್ಲವೇ ಸುಮ್ಮನೆ ಮಲಗಬೇಕಿತ್ತು.

ಈ ಅಂತರವನ್ನೇ ಸಂಶೋಧಕರು ಅಳತೆಗೋಲಾಗಿ ಬಳಸಿಕೊಂಡರು. ನೀರಜ್ ಸೂದ್, ಅರ್ನಬ್ ಮುಖರ್ಜಿ ಮತ್ತು ಸಂಗಡಿಗರು ಯೋಜನೆ ಬಂದ 300 ಹಳ್ಳಿಗಳನ್ನೂ, ಅವಕ್ಕೆ ಹೊಂದುವ, ಯೋಜನೆ ಇನ್ನೂ ಬಾರದ ನೆರೆಯ 272 ಹಳ್ಳಿಗಳನ್ನೂ ಹೋಲಿಸಿ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಯೋಜನೆ ಚಿಕಿತ್ಸೆ ಕೊಡುತ್ತಿದ್ದಂಥ ಕಾಯಿಲೆಗಳಿಂದ, ಅಂದರೆ ಮುಖ್ಯವಾಗಿ ಹೃದಯ ಮತ್ತು ಕ್ಯಾನ್ಸರ್‌ನಿಂದ ಆದ ಸಾವು ಯೋಜನೆ ಇದ್ದ ಹಳ್ಳಿಗಳ ಬಿಪಿಎಲ್ ಮನೆಗಳಲ್ಲಿ ಶೇ 0.32, ಇಲ್ಲದ ಹಳ್ಳಿಗಳಲ್ಲಿ ಶೇ 0.90. ಮೂರರಲ್ಲಿ ಸುಮಾರು ಎರಡು ಸಾವು ತಪ್ಪಿದ್ದವು. ಬಡತನ ರೇಖೆಗಿಂತ ಮೇಲಿದ್ದ, ಯೋಜನೆಗೆ ಸೇರದ ಮನೆಗಳಲ್ಲಿ ಎರಡೂ ಕಡೆ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ಇತ್ತು. ಹಾಗಾಗಿ ವ್ಯತ್ಯಾಸ ಬೇರಾವುದರಿಂದಲೋ ಬಂದದ್ದಲ್ಲ ಎಂದು ಹೇಳಲು ದಾರಿಯಾಯಿತು. ಆಸ್ಪತ್ರೆ ಸೇರಿದಾಗ ಕೈಯಿಂದ ಹಾಕುವ ಹಣವೂ ಶೇ 34ರಷ್ಟು ಇಳಿದಿತ್ತು.

ಸರ್ಕಾರಿ ವಿಮೆ ಬರೀ ಓಟಿನ ಮಾತು ಎನ್ನುವವರಿಗೆ ಈ ಅಂಕಿಗಳನ್ನು ತೋರಿಸಬೇಕು. ಇದು ಸಾಧ್ಯವಾದದ್ದು ಹಣ ಇಟ್ಟಿದ್ದರಿಂದ ಮಾತ್ರವಲ್ಲ. ಆ ಯೋಜನೆಯಲ್ಲಿ ಹಳ್ಳಿಗಾಡಿನಲ್ಲಿ ಆರೋಗ್ಯ ಶಿಬಿರಗಳು ನಡೆಯುತ್ತಿದ್ದವು. ನಗರದ ಆಸ್ಪತ್ರೆಯ ವೈದ್ಯರು ಊರಿಗೇ ಬಂದು ತಪಾಸಣೆ ಮಾಡಿ, ಅಲ್ಲಿಂದಲೇ ರೋಗಿಯನ್ನು ಆರಿಸಿ ಕರೆದೊಯ್ಯುತ್ತಿದ್ದರು. ಎದೆನೋವನ್ನು ಗ್ಯಾಸು ಎಂದುಕೊಂಡು ಕೂತಿದ್ದ ಹಿರಿಯರು ಸಿಕ್ಕಿದ್ದು ಹಾಗೆ. ಈಗ ರೋಗಿಯೇ ಆಸ್ಪತ್ರೆಯನ್ನು ಹುಡುಕಿಕೊಂಡು ಹೋಗಬೇಕು. ವಯಸ್ಸಾದವರ ಮಟ್ಟಿಗೆ ಈ ವ್ಯತ್ಯಾಸ ಸಣ್ಣದಲ್ಲ.

ನಡುವೆ ಹಿರಿಯರಿಗೆಂದೇ ಒಂದು ಸಣ್ಣ ಪ್ರಯತ್ನವೂ ಆಯಿತು. 2008ರ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯಲ್ಲಿ ಕುಟುಂಬಕ್ಕೆ ಇದ್ದದ್ದು ವರ್ಷಕ್ಕೆ 30,000 ರೂಪಾಯಿ. 2016ರ ಏಪ್ರಿಲ್‌ನಿಂದ ಅಂಥ ಕುಟುಂಬದ 60 ದಾಟಿದ ಪ್ರತಿಯೊಬ್ಬರಿಗೂ ಇನ್ನೊಂದು 30,000 ಸೇರಿಸಿದರು. 2018ರಲ್ಲಿ ಎಲ್ಲವೂ ಒಂದರೊಳಗೆ ಒಂದು ಕರಗಿದವು. ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ, ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್, ಅಕ್ಟೋಬರ್ 30ರಂದು ಎರಡೂ ಕೂಡಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ. 2023ರ ಡಿಸೆಂಬರ್‌ನಲ್ಲಿ ಹೆಸರಿಗೆ ಪ್ರಧಾನಮಂತ್ರಿ, ಮುಖ್ಯಮಂತ್ರಿ ಇಬ್ಬರೂ ಸೇರಿ ಅದು ಇನ್ನಷ್ಟು ಉದ್ದವಾಯಿತು. ಊರಲ್ಲಿ ಜನ ಹೇಳುವುದು ಮಾತ್ರ "ಆಯುಷ್ಮಾನ್ ಕಾರ್ಡ್" ಎಂದೇ.

ಮಗನ ಕಾರಿನಿಂದ ಅಪ್ಪನ ಆಪರೇಷನ್ ನಿಂತಾಗ

ಕರ್ನಾಟಕದಲ್ಲಿ ಈ ಯೋಜನೆಯ ಬೀಗದ ಕೈ ರೇಷನ್ ಕಾರ್ಡ್. ಬಿಪಿಎಲ್ ಅಥವಾ ಅಂತ್ಯೋದಯ ಇದ್ದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಪೂರ್ತಿ ಉಚಿತ. ಎಪಿಎಲ್ ಆದರೆ ಸರ್ಕಾರಿ ದರದ ಶೇ 30 ಮಾತ್ರ, ಅದೂ ವರ್ಷಕ್ಕೆ ಕುಟುಂಬಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. ಒಂದು ಲಕ್ಷದ ಚಿಕಿತ್ಸೆಯಲ್ಲಿ ಬಿಪಿಎಲ್ ಅಜ್ಜಿ ಏನೂ ಕಟ್ಟುವುದಿಲ್ಲ, ಎಪಿಎಲ್ ಅಜ್ಜಿ 70,000 ಕಟ್ಟಬೇಕು.

ಈ ಗೆರೆ ಹಿರಿಯರಿಗೆ ಹೇಗೆ ಬೀಳುತ್ತದೆ ನೋಡಿ. ಅಪ್ಪ ಅವ್ವನ ಹೆಸರು ಮಗನ ಕಾರ್ಡಿನಲ್ಲಿದೆ. ಮಗ ದಾವಣಗೆರೆಯಲ್ಲಿ ಬಾಡಿಗೆ ಮನೆ ಮಾಡಿ ಸಾಲದಲ್ಲಿ ಒಂದು ಕಾರು ತೆಗೆದುಕೊಂಡ, ಅಥವಾ ಬ್ಯಾಂಕಿನ ಸಾಲಕ್ಕೆಂದು ಒಂದು ವರ್ಷ ಆದಾಯ ತೆರಿಗೆ ಕಟ್ಟಿದ. ವರ್ಷಕ್ಕೆ 1.20 ಲಕ್ಷಕ್ಕಿಂತ ಹೆಚ್ಚು ಆದಾಯ, ಸ್ವಂತಕ್ಕೆ ನಾಲ್ಕು ಚಕ್ರದ ವಾಹನ, ತೆರಿಗೆ ಕಟ್ಟುವವರು ಇರುವ ಕುಟುಂಬ ಬಿಪಿಎಲ್‌ಗೆ ಅರ್ಹವಲ್ಲ ಎಂಬುದು ನಿಯಮ. ಕಾರ್ಡು ಎಪಿಎಲ್ ಆಯಿತು. ಹಳ್ಳಿಯಲ್ಲಿ ಬೇರೆ ಒಲೆ ಹಚ್ಚಿಕೊಂಡು, ಮಗನಿಂದ ತಿಂಗಳಿಗೆ ನೂರು ರೂಪಾಯಿಯನ್ನೂ ಕಾಣದ ತಂದೆ ತಾಯಿ ಆಸ್ಪತ್ರೆಯ ಲೆಕ್ಕದಲ್ಲಿ ಒಂದೇ ದಿನದಲ್ಲಿ ಉಳ್ಳವರಾದರು. ಇದು ಅವರಿಗೆ ಗೊತ್ತಾಗುವುದು ರೇಷನ್ ಅಂಗಡಿಯಲ್ಲಿ ಅಕ್ಕಿ ನಿಂತಾಗ. ಮಗನೇ ಬಂದು ಅಕ್ಕಿ ಎತ್ತುವ ಮನೆಯಾದರೆ ಗೊತ್ತಾಗುವುದು ಆಸ್ಪತ್ರೆಯ ಕೌಂಟರಿನಲ್ಲಿ.

2024ರ ನವೆಂಬರ್‌ನಲ್ಲಿ ಅನರ್ಹ ಕಾರ್ಡುಗಳನ್ನು ಎಪಿಎಲ್‌ಗೆ ಬದಲಿಸುವ ಕೆಲಸ ರಾಜ್ಯದಾದ್ಯಂತ ನಡೆದಾಗ ಎದ್ದ ಕೂಗು ಬರೀ ಅಕ್ಕಿಯದಾಗಿರಲಿಲ್ಲ, ಆಸ್ಪತ್ರೆಯದೂ ಆಗಿತ್ತು. ಆದಾಯ ತೆರಿಗೆ ಕಟ್ಟುವವರು ಮತ್ತು ಸರ್ಕಾರಿ ನೌಕರರನ್ನು ಬಿಟ್ಟು ಉಳಿದವರ ಕಾರ್ಡು ಮರಳಿಸಲು ಸರ್ಕಾರ ಹೇಳಬೇಕಾಯಿತು. ಅಪ್ಪ ಅವ್ವನ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟು: ಮಗನ ಗಳಿಕೆಯಿಂದ ತಂದೆಯ ಬಡತನವನ್ನು ಅಳೆಯುವುದು ಈ ಕಾಲಕ್ಕೆ ಹೊಂದುವುದಿಲ್ಲ. ಕೂಡುಕುಟುಂಬ ಕಾಗದದಲ್ಲಿ ಉಳಿದಿದೆ, ಅಡುಗೆಮನೆಯಲ್ಲಿ ಉಳಿದಿಲ್ಲ. ಅದಕ್ಕೇ ವಯಸ್ಸೊಂದನ್ನೇ ಅರ್ಹತೆಯಾಗಿಟ್ಟ 2024ರ ನಿರ್ಧಾರವನ್ನು ನಾನು ತುಂಬು ಮನಸ್ಸಿನಿಂದ ಒಪ್ಪುತ್ತೇನೆ. ಬಡತನವನ್ನು ಕಚೇರಿಯಲ್ಲಿ ರುಜುವಾತು ಮಾಡಬೇಕು, ವಯಸ್ಸು ಮುಖದಲ್ಲೇ ಇರುತ್ತದೆ.

ಒಪ್ಪಲಾಗದ್ದು 70 ಎಂಬ ಅಂಕಿ. ತಂದೆ ತಾಯಿ ಮತ್ತು ಹಿರಿಯರ ಪಾಲನೆಯ 2007ರ ಕಾಯ್ದೆಯ ಪ್ರಕಾರ 60 ದಾಟಿದವರು ಹಿರಿಯ ನಾಗರಿಕರು. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿಗೆ 65 ಆಗಬೇಕು. ಉಚಿತ ಆಸ್ಪತ್ರೆಗೆ 70. ಒಬ್ಬ ಮನುಷ್ಯ ಮೂರು ಸಲ ಮುದುಕನಾಗಬೇಕು. ಹನ್ನೆರಡನೇ ವಯಸ್ಸಿಗೇ ಗದ್ದೆಗೆ ಇಳಿದು ಬಗ್ಗಿ ನಾಟಿ ಮಾಡಿದ ಹೆಂಗಸಿನ ಮೊಣಕಾಲು ಅರವತ್ತಕ್ಕೇ ಮಾತು ಕೇಳುವುದಿಲ್ಲ. ಕಚೇರಿಯಲ್ಲಿ ಕುಳಿತು ದುಡಿದವರ ಎಪ್ಪತ್ತೂ ಕೂಲಿ ಮಾಡಿದವರ ಎಪ್ಪತ್ತೂ ಒಂದೇ ಅಲ್ಲ. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ ಶೇ 8.6 ಇದ್ದರೆ ಕರ್ನಾಟಕದಲ್ಲಿ ಶೇ 9.5 ಇದ್ದರು. ಅರವತ್ತರಿಂದ ಎಪ್ಪತ್ತರ ನಡುವೆ ಇರುವವರೇ ಅವರಲ್ಲಿ ಹೆಚ್ಚು.

ಹರಿಹರದ ಚೀಟಿ, ದಾವಣಗೆರೆಯ ಹಾಸಿಗೆ

ಕಾರ್ಡು ಸರಿಯಿದ್ದರೂ ದಾರಿ ಗೊತ್ತಿರಬೇಕು. ಹರಿಹರ ತಾಲ್ಲೂಕಿನ ಬಹಳ ಭಾಗ ಭದ್ರಾ ನಾಲೆಯ ಕೊನೆಯಲ್ಲಿದೆ. ನಾಲೆಗೆ ನೀರು ಬಿಟ್ಟರೆಂದು ಪೇಪರಿನಲ್ಲಿ ಬಂದ ಎಷ್ಟೋ ದಿನದ ಮೇಲೆ ಕೊನೆ ಭಾಗದ ಗದ್ದೆಗೆ ನೀರು ಮುಟ್ಟುತ್ತದೆ. ಸರ್ಕಾರದ ಯೋಜನೆಯೂ ಹಾಗೆಯೇ ಬರುತ್ತದೆ. ತೂಬು ಎಲ್ಲಿದೆ ಎಂದು ತಿಳಿದವರ ಗದ್ದೆ ಮೊದಲು ನೆನೆಯುತ್ತದೆ.

ಆಯುಷ್ಮಾನ್ ಯೋಜನೆಯಲ್ಲಿ ಚಿಕಿತ್ಸೆಗಳಿಗೆ ಸಂಕೇತಗಳಿವೆ. 2ಎ ಎಂದರೆ ಸರಳ ಚಿಕಿತ್ಸೆ, ಅದು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. 2ಬಿ ಮತ್ತು 3ಎ ಎಂದರೆ ಕ್ಲಿಷ್ಟವಾದವು. ಸರ್ಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಅಲ್ಲಿನ ವೈದ್ಯರು ರೆಫರಲ್ ಚೀಟಿ ಬರೆದುಕೊಡುತ್ತಾರೆ, ಆಗ ನೋಂದಾಯಿತ ಖಾಸಗಿ ಆಸ್ಪತ್ರೆಗೂ ಹೋಗಬಹುದು. 4ಎ ತುರ್ತು. ಎದೆನೋವು, ಪಾರ್ಶ್ವವಾಯು, ಅಪಘಾತದಂಥವಕ್ಕೆ ಚೀಟಿ ಬೇಡ, ನೇರವಾಗಿ ನೋಂದಾಯಿತ ಆಸ್ಪತ್ರೆಗೆ ಹೋಗಬಹುದು. ಭಾನುವಳ್ಳಿಯವರಿಗೆ ಸಾಮಾನ್ಯ ದಾರಿ ಹೀಗೆ: ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ನಂತರ ಹರಿಹರದ ತಾಲ್ಲೂಕು ಆಸ್ಪತ್ರೆ, ಅಲ್ಲಿಂದ ಸುಮಾರು 14 ಕಿಲೋಮೀಟರ್ ದೂರದ ದಾವಣಗೆರೆ. ಅಲ್ಲಿ ಜನ ಚಿಗಟೇರಿ ಆಸ್ಪತ್ರೆ ಎಂದು ಕರೆಯುವ ಜಿಲ್ಲಾ ಆಸ್ಪತ್ರೆ ಇದೆ, ವೈದ್ಯಕೀಯ ಕಾಲೇಜುಗಳ ದೊಡ್ಡ ಆಸ್ಪತ್ರೆಗಳಿವೆ.

ನಮ್ಮ ಜನ ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಹರಿಹರದಲ್ಲಿ ಚೀಟಿ ಬರೆಸದೆ ನೇರ ದಾವಣಗೆರೆಗೆ ಹೋಗಿ ದಾಖಲಾಗುತ್ತಾರೆ, ಮುಂಗಡ ಕಟ್ಟುತ್ತಾರೆ, ಎರಡು ದಿನವಾದ ಮೇಲೆ "ನಮ್ಮದು ಬಿಪಿಎಲ್ ಐತಿ" ಎನ್ನುತ್ತಾರೆ. ಆಗ ತಡವಾಗಿರುತ್ತದೆ. ಆಸ್ಪತ್ರೆಯ ಒಳಗೆ ಕಾಲಿಟ್ಟ ಕೂಡಲೇ ಆರೋಗ್ಯ ಮಿತ್ರರ ಮೇಜು ಎಲ್ಲಿದೆ ಎಂದು ಕೇಳಬೇಕು. ಅವರೇ ಆಧಾರ್ ಮತ್ತು ರೇಷನ್ ಕಾರ್ಡ್ ನೋಡಿ ಅನುಮತಿಗೆ ಕಳಿಸುವವರು.

ಆ ಮೇಜಿನ ಮುಂದೆ ಹಿರಿಯರಿಗೆ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಹೆಬ್ಬೆರಳನ್ನು ಯಂತ್ರದ ಮೇಲೆ ಇಟ್ಟರೆ ಕೆಂಪು ಅಕ್ಷರ ಬರುತ್ತದೆ. ಒರೆಸಿ ಇಡುತ್ತಾರೆ, ಎಣ್ಣೆ ಹಚ್ಚಿ ಇಡುತ್ತಾರೆ, ಹತ್ತೂ ಬೆರಳು ಒಂದೊಂದಾಗಿ ಇಡುತ್ತಾರೆ. "ಅಜ್ಜಾ, ಸ್ವಲ್ಪ ಒತ್ತಿ ಹಿಡಿ" ಎಂದರೆ ಅಜ್ಜ ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಅದುಮಿ ಹಿಡಿಯುತ್ತಾರೆ. ಕುಡುಗೋಲು, ಗುದ್ದಲಿ, ಸುಣ್ಣ, ಗೊಬ್ಬರದಲ್ಲಿ ಬೆರಳ ಗೆರೆ ಎಂದೋ ಸವೆದಿದೆ. ಕಣ್ಣಿನ ಪಾಪೆ ಹಿಡಿಯೋಣವೆಂದರೆ ಪೊರೆ. ಮುಖ ಗುರುತಿಸುವ ವಿಧಾನವೂ ಆಯುಷ್ಮಾನ್ ಆ್ಯಪ್‌ನಲ್ಲಿ ಇದೆ, ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ತರಿಸುವ ದಾರಿಯೂ ಇದೆ. ಆದರೆ ಜೋಡಿಸಿದ ನಂಬರು ಎಂದೋ ಬಿಟ್ಟುಹೋದ ಸಿಮ್ಮಿನದಾಗಿರುತ್ತದೆ. ಹಿರಿಯರು ಚೆನ್ನಾಗಿ ಓಡಾಡುತ್ತಿರುವಾಗಲೇ ಗ್ರಾಮ ಒನ್ ಕೇಂದ್ರಕ್ಕೆ ಕರೆದೊಯ್ದು ಕಾರ್ಡು ಮಾಡಿಸುವುದು, ಆಧಾರ್‌ಗೆ ಮನೆಯವರ ಈಗಿನ ನಂಬರು ಸೇರಿಸುವುದು ಒಂದು ಮಧ್ಯಾಹ್ನದ ಕೆಲಸ. ಸ್ಟ್ರೆಚರಿನ ಮೇಲಿರುವವರಿಗೆ ಅದನ್ನೇ ಮಾಡಿಸುವುದು ನರಕ.

ಬೇರೆ ಬಾಗಿಲುಗಳು

ಎಪಿಎಲ್ ಕಾರ್ಡಿನ, 70 ಆಗದ ರೈತ ದಂಪತಿಗೆ ಈಗಲೂ ಒಳ್ಳೆಯ ದಾರಿ ಯಶಸ್ವಿನಿ. 2018ರಲ್ಲಿ ನಿಂತಿದ್ದ ಯೋಜನೆ 2022ರ ಕೊನೆಯಲ್ಲಿ ಮತ್ತೆ ನೋಂದಣಿ ಆರಂಭಿಸಿತು. ಗ್ರಾಮೀಣ ಸಹಕಾರ ಸಂಘದ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ನಂತರದ ಪ್ರತಿಯೊಬ್ಬರಿಗೆ 100 ರೂಪಾಯಿ ಎಂದು ದರ ಇಟ್ಟರು. ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ವ್ಯವಸಾಯ ಸೇವಾ ಸಹಕಾರ ಸಂಘವೋ ಹಾಲಿನ ಡೇರಿಯೋ ಇರುವ ಊರಿನಲ್ಲಿ ಇದಕ್ಕೆ ಪೇಟೆಗೆ ಹೋಗಬೇಕಿಲ್ಲ. ನೋಂದಣಿಗೆ ಗಡುವು ಇರುತ್ತದೆ, ಅದು ತಪ್ಪಿದರೆ ಮುಂದಿನ ವರ್ಷವೇ ಗತಿ.

ಹರಿಹರ, ದಾವಣಗೆರೆಯ ಕಾರ್ಖಾನೆ, ಮಿಲ್ಲುಗಳಲ್ಲಿ ದುಡಿದವರು ಮರೆತುಬಿಟ್ಟಿರುವ ಬಾಗಿಲೊಂದಿದೆ. ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿದ್ದು ವಯೋನಿವೃತ್ತಿ ಅಥವಾ ಸ್ವಯಂ ನಿವೃತ್ತಿ ಪಡೆದವರು ವರ್ಷಕ್ಕೆ 120 ರೂಪಾಯಿ ಮುಂಗಡ ಕಟ್ಟಿದರೆ ತಮಗೂ ಪತ್ನಿಗೂ, ಅಥವಾ ಪತಿಗೂ, ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತದೆ. ಹೊರರೋಗಿ ಚಿಕಿತ್ಸೆ, ಔಷಧ ಕೂಡ ಇದರಲ್ಲಿದೆ. ದಾವಣಗೆರೆಯಲ್ಲಿ ಇಎಸ್‌ಐ ಆಸ್ಪತ್ರೆಯೂ ಇದೆ. ಹಳೆಯ ಇಎಸ್‌ಐ ನಂಬರಿನ ಚೀಟಿ ಟ್ರಂಕಿನಲ್ಲಿದ್ದರೆ ತೆಗೆದು ನೋಡುವುದು ಒಳ್ಳೆಯದು.

ಕಣ್ಣಿನ ಪೊರೆಯ ಆಪರೇಷನ್‌ಗೆ ಯಾವ ವಿಮೆಯೂ ಬೇಕಿಲ್ಲ, ಅಂಧತ್ವ ನಿಯಂತ್ರಣ ಕಾರ್ಯಕ್ರಮದಲ್ಲಿ ಉಚಿತವಾಗಿ ಆಗುತ್ತದೆ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ಟು, ಊರುಗೋಲಿಗೆ 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯ ಶಿಬಿರಗಳನ್ನು ಕಾಯಬೇಕು.

ಗುಳಿಗೆಯ ಲೆಕ್ಕ

ಎಲ್ಲಕ್ಕಿಂತ ದೊಡ್ಡ ಕೊರತೆ ಇರುವುದು ಗುಳಿಗೆಯಲ್ಲಿ. ಆಯುಷ್ಮಾನ್ ಆಗಲಿ, ವಯ ವಂದನ ಆಗಲಿ, ಖರ್ಚು ಕೊಡುವುದು ಆಸ್ಪತ್ರೆಯಲ್ಲಿ ದಾಖಲಾದಾಗ. ದಾಖಲಾಗುವ ಮೊದಲಿನ 3 ದಿನ, ಬಿಡುಗಡೆಯಾದ ಮೇಲಿನ 15 ದಿನದ ಔಷಧವೂ ಕೇಂದ್ರದ ನಿಯಮದಲ್ಲಿ ಸೇರಿದೆ. ಹದಿನಾರನೇ ದಿನದಿಂದ ರೋಗಿಯ ಪಾಡು ರೋಗಿಗೆ. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತಿಳಿಯಾಗಿಸುವ ಗುಳಿಗೆಯನ್ನು ತಿಂಗಳುಗಟ್ಟಲೆ ತಪ್ಪಿಸುವಂತಿಲ್ಲ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದರಲ್ಲೇ ಎಣ್ಣೆ, ಬೇಳೆ, ಮೊಮ್ಮಗಳ ಕೈಗೆ ಹತ್ತು ರೂಪಾಯಿ, ಬಿಪಿ, ಶುಗರ್, ಹೃದಯದ ಗುಳಿಗೆ. ದುಡ್ಡು ಸಾಲದಾಗ ಹಿರಿಯರು ದಿನ ಬಿಟ್ಟು ದಿನ ನುಂಗುತ್ತಾರೆ, ಇಲ್ಲವೇ ಗುಳಿಗೆಯನ್ನು ಅರ್ಧಕ್ಕೆ ಮುರಿಯುತ್ತಾರೆ. ಇದನ್ನು ಯಾರಿಗೂ ಹೇಳುವುದಿಲ್ಲ, ಡಾಕ್ಟರಿಗಂತೂ ಹೇಳುವುದೇ ಇಲ್ಲ. ಎರಡು ಲಕ್ಷ ಖರ್ಚು ಮಾಡಿ ಉಳಿಸಿದ ಹೃದಯ ಕೆಲವು ನೂರು ರೂಪಾಯಿಯ ಗುಳಿಗೆ ಇಲ್ಲದೆ ಮತ್ತೆ ಕೆಡುತ್ತದೆ.

ಈ ತಪ್ಪು ನಮ್ಮದೊಂದೇ ಅಲ್ಲ. ಅಮೆರಿಕದಲ್ಲಿ 65 ದಾಟಿದ ಎಲ್ಲರಿಗೂ ಮೆಡಿಕೇರ್ ಎಂಬ ಸರ್ಕಾರಿ ವಿಮೆ ಕೊಡುವ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1965ರ ಜುಲೈ 30ರಂದು ಸಹಿ ಹಾಕಿದರು. ಆಗ 81 ವರ್ಷದವರಾಗಿದ್ದ ಮಾಜಿ ಅಧ್ಯಕ್ಷ ಹ್ಯಾರಿ ಟ್ರೂಮನ್‌ಗೆ ಮೊದಲ ಕಾರ್ಡು ಸಿಕ್ಕಿತು. ಅದೂ ನಮ್ಮ ವಯ ವಂದನದಂತೆ ವಯಸ್ಸನ್ನೇ ಅರ್ಹತೆಯಾಗಿಟ್ಟ ಯೋಜನೆ. ಆದರೆ ಮನೆಯಲ್ಲಿ ನುಂಗುವ ಔಷಧಕ್ಕೆ ಅದರಲ್ಲಿ ಜಾಗ ಸಿಕ್ಕಿದ್ದು 2006ರಲ್ಲಿ. ಒಂದು ಶ್ರೀಮಂತ ದೇಶಕ್ಕೆ ಆಸ್ಪತ್ರೆಯ ಹಾಸಿಗೆಯಿಂದ ಗುಳಿಗೆಯವರೆಗೆ ಬರಲು ನಲವತ್ತು ವರ್ಷ ಬೇಕಾಯಿತು. ನಮ್ಮ ಹಿರಿಯರಿಗೆ ಅಷ್ಟು ಕಾಲವಿಲ್ಲ.

ಕರ್ನಾಟಕ ಇನ್ನೊಂದು ದಾರಿಯಲ್ಲಿ ಹೆಜ್ಜೆ ಇಟ್ಟಿದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಆರೋಗ್ಯ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ಬಿಪಿ, ಸಕ್ಕರೆಯಂಥ ಕಾಯಿಲೆಗಳ ತಪಾಸಣೆ ಮಾಡಿ ಔಷಧ ಕೊಡುತ್ತಾರೆ. ಅದನ್ನು ಇತರ ಜಿಲ್ಲೆಗಳಿಗೆ ವಿಸ್ತರಿಸುವ ಕೆಲಸ ನಂತರ ನಡೆಯಿತು. ವಿಮೆಯ ಐದು ಲಕ್ಷಕ್ಕಿಂತ ಹಿರಿಯರ ದಿನನಿತ್ಯದ ಬದುಕನ್ನು ಬದಲಿಸುವ ಶಕ್ತಿ ಇದಕ್ಕೆ ಇದೆ ಎಂದು ನಾನು ನಂಬುತ್ತೇನೆ. ಯಾಕೆಂದರೆ ಪಾರ್ಶ್ವವಾಯು ಹೊಡೆದ ಮೇಲೆ ಹಾಸಿಗೆ ಕೊಡುವುದಕ್ಕಿಂತ ಹೊಡೆಯದಂತೆ ಗುಳಿಗೆ ಕೊಡುವುದು ಅಗ್ಗ, ಮತ್ತು ಮನುಷ್ಯ ತನ್ನ ಕಾಲ ಮೇಲೆ ನಿಂತಿರುತ್ತಾನೆ.

ಗೃಹ ಆರೋಗ್ಯ ನಿಜಕ್ಕೂ ಮನೆ ಬಾಗಿಲು ಮುಟ್ಟುತ್ತಿದೆಯೇ ಎಂದು ಕೇಳುವ ಜಾಗ ಗ್ರಾಮಸಭೆ. ರಸ್ತೆ, ಚರಂಡಿಯ ಮಾತು ಮುಗಿದ ಮೇಲೆ ಆಶಾ ಕಾರ್ಯಕರ್ತೆಯರನ್ನೂ ಆರೋಗ್ಯ ಕೇಂದ್ರದ ಸಿಬ್ಬಂದಿಯನ್ನೂ ಕೂರಿಸಿಕೊಂಡು ಕೇಳಬೇಕು: ನಮ್ಮ ಪಂಚಾಯಿತಿಯಲ್ಲಿ 60 ದಾಟಿದವರು ಎಷ್ಟು ಜನ, 70 ದಾಟಿದವರು ಎಷ್ಟು? ಅವರಲ್ಲಿ ಯಾರ ಆಧಾರ್ ವಯಸ್ಸು ತಪ್ಪಿದೆ, ಯಾರ ರೇಷನ್ ಕಾರ್ಡು ಎಪಿಎಲ್ ಆಗಿದೆ? ಬಿಪಿ, ಶುಗರ್ ಇರುವವರ ಪಟ್ಟಿ ಇದೆಯೇ, ಮತ್ತು ಈ ತಿಂಗಳ ಗುಳಿಗೆ ಅವರಲ್ಲಿ ಎಷ್ಟು ಜನರ ಕೈ ಸೇರಿದೆ?